ಕೋರಾ ಕಾಯಿ

"ಈ ಗೀಟು ಯಾರು ಕೊರದಾರ್ರೀ ಇದರ ಮ್ಯಾಲ?"

ಕೇಳಿದವನು ಕಿತ್ತೂರಿನ ಕಡೆಯಿಂದ ಬಂದ ಗಿರಾಕಿ. ಹೊಸ ಮನೆ ಕಟ್ಟಿಸುತ್ತಿದ್ದಾನೆ, ಅದಕ್ಕೆ ಹಳೆಯ ಬಾಗಿಲು ಬೇಕಂತೆ. ಈಗ ಇದೊಂದು ಹುಕಿ ಎದ್ದಿದೆ. ತಮ್ಮ ಹಳೆ ಮನೆಯನ್ನು ಕೆಡವಿ ಹೊಸದು ಕಟ್ಟುತ್ತಾರೆ, ಆಮೇಲೆ ಅದಕ್ಕೆ ಬೇರೆಯವರ ಮನೆಯ ಹಳೆ ಬಾಗಿಲು ಹುಡುಕಿಕೊಂಡು ತಿರುಗುತ್ತಾರೆ. ನಾನು ನಗಬಾರದು. ನನ್ನ ಹೊಟ್ಟೆ ತುಂಬುವುದು ಈ ಹುಕಿಯಿಂದಲೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕಿನಲ್ಲಿ ಎಲ್ಲಿ ಹಳೆ ಮನೆ ಬಿಚ್ಚಿದರೂ ಅದರ ತೊಲೆ, ಕಂಬ, ಚೌಕಟ್ಟು, ಕದ ಮೊದಲು ನೋಡುವವನು ನಾನು. ಬೆರಳಿನಿಂದ ಎರಡು ಸಲ ಬಡಿದರೆ ಸಾಕು, ಒಳಗೆ ಗೆದ್ದಲು ಇದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಮನುಷ್ಯರನ್ನೂ ಹಾಗೆಯೇ ಬಡಿದು ನೋಡಿ ಹೇಳಬಲ್ಲೆ ಎಂದು ಬಹಳ ದಿನ ತಿಳಿದುಕೊಂಡಿದ್ದೆ.

ಗಿರಾಕಿ ತೋರಿಸುತ್ತಿದ್ದುದು ಅಂಗಡಿಯ ಹಿಂದೆ ಎರಡು ಡ್ರಮ್ಮಿನ ಮೇಲೆ ಅಡ್ಡ ಮಲಗಿಸಿದ ಸಾಗವಾನಿ ಕದವನ್ನು. ಅದರ ನಡುವೆ ಒಂದು ಚೌಕ, ಚೌಕದೊಳಗೆ ಉದ್ದಕ್ಕೆ ಐದು ಅಡ್ಡಕ್ಕೆ ಐದು ಮನೆ, ನಾಲ್ಕು ದಿಕ್ಕಿಗೆ ನಾಲ್ಕು ಗುಣಿಸು ಗುರುತು.

"ಮಾಲ ಛಲೋ ಐತಿ. ಆದ್ರ ಗೀಟು ಬಿದ್ದು ಕೆಟ್ಟೈತಿ. ರೇಟ ಇಳಸ್ರಿ, ಇಲ್ಲಾಂದ್ರ ರಂಧಾ ಹೊಡಸಿ ಗೀಟು ತಗದು ಕೊಡ್ರಿ" ಎಂದ.

ನಿಮಗೊಂದು ಮಾತು ಪುಕ್ಕಟೆ ಹೇಳುತ್ತೇನೆ, ಇಟ್ಟುಕೊಳ್ಳಿ. ಮಾಲಿಗೆ ಹೆಸರಿಡುವ ಗಿರಾಕಿಯೇ ಅದನ್ನು ಒಯ್ಯುವ ಗಿರಾಕಿ. ಹೊಗಳಿದವನು ಚಹಾ ಕುಡಿದು ಹೋಗುತ್ತಾನೆ. ಅಂಥವನಿಗೆ ತಿರುಗಿ ಹೇಳಲು ನನ್ನ ಬಾಯಲ್ಲಿ ಯಾವಾಗಲೂ ಹತ್ತು ಉತ್ತರ ಸಿದ್ಧ ಇರುತ್ತವೆ. ಅವತ್ತು ಬರೀ "ವಾರ ಬಿಟ್ಟು ಬರ್ರಿ" ಎಂದೆ. ಇದು ರೇಟು ಏರಿಸುವ ಹೊಸ ಉಪಾಯ ಎಂದು ತಿಳಿದು ಅವನು ನಗುತ್ತ ಹೋದ. ನಾನು ಕದದ ಮೇಲಿನ ಧೂಳನ್ನು ಟವೆಲ್ಲಿನಿಂದ ಒರೆಸಿ ಅದರ ಮುಂದೆ ಕುಳಿತೆ.

ಚೌಕಾಬಾರಾ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಎರಡು ಮಾತಿನಲ್ಲಿ ಹೇಳುತ್ತೇನೆ. ನಾಲ್ಕು ಮಂದಿ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಆಡಿಸಲು ನಾಲ್ಕು ಕವಡಿ. ಬಿದ್ದಷ್ಟು ಮನೆ ನಡೆಯಬೇಕು. ಗುಣಿಸು ಹಾಕಿದ ಮನೆ ಕಟ್ಟಿಮನೆ, ಅಲ್ಲಿ ಕುಳಿತವರನ್ನು ಯಾರೂ ಮುಟ್ಟುವಂತಿಲ್ಲ. ಬೇರೆ ಮನೆಯಲ್ಲಿ ಸಿಕ್ಕರೆ ಕಡಿಯಬಹುದು. ಕಡಿಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ನಡೆಯಬೇಕು. ಹೊರಗಿನ ಸುತ್ತು ಮುಗಿಸಿ, ಒಳಗಿನ ಸುತ್ತಿಗೆ ಹೋಗಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಆದರೆ ಒಳಗೆ ಹೋಗಲು ಒಂದು ಕರಾರು ಇದೆ. ಒಬ್ಬರದಾದರೂ ಕಾಯಿ ಕಡಿದಿರಬೇಕು. ಕಡಿಯದವನು ಹೊರಗೇ ಸುತ್ತುತ್ತಿರಬೇಕು.

ಈ ಕರಾರನ್ನು ಯಾರು ಮಾಡಿದರೋ, ಅವರು ವ್ಯಾಪಾರ ಮಾಡಿ ನೊಂದವರಿರಬೇಕು.

ಈ ಕದದ ಮೇಲೆ ನಾವು ನಾಲ್ಕು ಮಂದಿ ಬಹಳ ವರ್ಷ ಆಡಿದೆವು. ನಾನು, ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದ ದಾದಾಪೀರ, ಎದುರಿನ ಚಹಾದಂಗಡಿಯ ಫಕೀರಪ್ಪ, ಬಾಜೂ ಅಂಗಡಿಯ ಟೇಲರ್ ರಾಚಪ್ಪ. ಮಧ್ಯಾಹ್ನ ಊಟವಾದ ಮೇಲೆ ಬಿಸಿಲಿಗೆ ಗಿರಾಕಿ ಬರುವುದಿಲ್ಲ, ಆಗ ನಮ್ಮ ಆಟ. ನನ್ನ ಕಾಯಿ ಹಳೆ ಬಾಗಿಲಿನಿಂದ ಕಿತ್ತ ಮೊಳೆಗಳು. ದಾದಾಪೀರನದು ಹರಿದ ಟಿಕೆಟ್ ಮಡಚಿದ್ದು, ಗಾಳಿಗೆ ಹಾರಿ ಎಷ್ಟೋ ಸಲ ಜಗಳ ತಂದದ್ದು. ಫಕೀರಪ್ಪನದು ಹುಣಸೆಬೀಜ. ರಾಚಪ್ಪನದು ನಾಲ್ಕು ಅಂಗಿ ಗುಂಡಿ. ನಾಲ್ಕೂ ಬೇರೆ ಬೇರೆ ಬಣ್ಣ. ಯಾವ ಅಂಗಿಗೂ ಹೊಂದದೆ ಉಳಿದವು.

ಈ ಕದದ ಮೇಲೆ ಕುಳಿತು ನಾನು ಕಲಿತ ದೊಡ್ಡ ವಿದ್ಯೆ ಏನೆಂದರೆ, ಗುರುತಿನ ಮಾತಿನ ಉಪಯೋಗ.

ಸಣ್ಣವನಿದ್ದಾಗ ಸವದತ್ತಿಯ ಹತ್ತಿರ ನಮ್ಮ ಆಯಿಯ ಮನೆಯ ಕಟ್ಟೆಯ ಮೇಲೆ ಬಳೆಚೂರು ಇಟ್ಟುಕೊಂಡು ಆಡುತ್ತಿದ್ದೆವು. ಆಟಕ್ಕಿಂತ ಜಗಳ ಜಾಸ್ತಿ. "ನೀ ಅದನ್ನ ಅಲ್ಲಿಂದ ಇಲ್ಲಿಗೆ ತಂದಾಗ ಇದು ಅಲ್ಲೇ ಇತ್ತು, ಆಮ್ಯಾಲ ಅಂವಾ ಆಡಿದ, ಅವಾಗ ನಾ ಅಂದೆ..." ಹೀಗೆ ಒಂದು ಸುತ್ತಿನ ಆಟಕ್ಕೆ ಮೂರು ಸುತ್ತಿನ ವಿವರಣೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಆಯಿಗೆ ಕೇಳಿ ಕೇಳಿ ಸಾಕಾಗಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನ ಒಂದು ಬಳೆಚೂರು ಕಟ್ಟಿಮನೆ ಬಿಟ್ಟು ಕದಲದೆ ಕುಳಿತಿತ್ತು, ಅದಕ್ಕೇ ಜಗಳ. ಅದನ್ನು ನೋಡಿ, "ಇದು ಮನಿ ಅಳಿಯ ಐತಿ, ಇದನ್ನ ಯಾರೂ ಎಬ್ಬಸಬ್ಯಾಡ್ರಿ, ತಾನ ಹಸದಾಗ ಏಳತೈತಿ" ಎಂದು ಹೇಳಿ ಒಳಗೆ ಹೋದಳು. ಅಂದಿನಿಂದ ಕದಲದ ಕಾಯಿಗೆ "ಅಳಿಯ" ಎಂದರೆ ಮುಗಿಯಿತು. ಒಂದು ಮಾತು, ಜಗಳ ಇಲ್ಲ. ಒಳ್ಳೆ ಗುರುತಿನ ಮಾತು ಬಾಗಿಲಿನ ಹಿಡಿಕೆ ಇದ್ದಂತೆ. ಇಡೀ ಬಾಗಿಲನ್ನು ಯಾರೂ ಎತ್ತುವುದಿಲ್ಲ, ಹಿಡಿಕೆ ಹಿಡಿದು ಎಳೆಯುತ್ತಾರೆ.

ನಮ್ಮ ಕದದ ಮೇಲೆ ಇಂಥ ಹಿಡಿಕೆಗಳು ಎಷ್ಟೊಂದು ಇದ್ದವು! ಎಲ್ಲರಿಗೂ ಗೊತ್ತಿರುವ ಪೆಟ್ಟನ್ನು ಹೊಡೆಯದೆ ಬಿಟ್ಟರೆ "ಉಪಾಸ". ಬೇರೆಯವರ ಕಟ್ಟಿಮನೆಯಲ್ಲಿ ಹೋಗಿ ಮೊಂಡು ಬಿದ್ದ ಕಾಯಿ "ಬಾಡಗಿದಾರ". ಎಲ್ಲಕ್ಕಿಂತ ನಮಗೆ ಪ್ರೀತಿಯದು ದಾದಾಪೀರ ಹುಟ್ಟಿಸಿದ್ದು. ಒಂದು ಸಲ ಅವನಿಗೆ ಗೆಲ್ಲಲು ಎಂಟು ಬೇಕಿತ್ತು. ಕವಡಿಯನ್ನು ಊದಿ, ಕುಲುಕಿ, ದೇವರ ಹೆಸರು ಹೇಳಿ ಒಗೆದ, ಒಂದು ಬಿತ್ತು. ಮತ್ತೆ ಒಂದು. ಅಷ್ಟರಲ್ಲಿ ಫಕೀರಪ್ಪ ಗೆದ್ದ. ಆಟ ಮುಗಿದ ಮೇಲೆ ದಾದಾಪೀರ ಸಿಟ್ಟಿನಿಂದ ಸುಮ್ಮನೆ ಕವಡಿ ಒಗೆದ ನೋಡಿ, ನಾಲ್ಕೂ ಬೋರಲು ಬಿದ್ದು ಬರೋಬ್ಬರಿ ಎಂಟು.

"ಬಂತಲ್ಲೋ ಮುನವಳ್ಳಿ ಬಸ್ಸ!" ಎಂದ. "ಆ ರೂಟ್‌ನ್ಯಾಗ ದುಡದೇನಿ, ನನಗ ಗೊತ್ತೈತಿ. ಮಂದಿಗೆ ಬೇಕಾದಾಗ ಬರೂದಿಲ್ಲ. ಬ್ಯಾಡಾದಾಗ ಬಾಜೂಕ ಬಂದು ಹಾರ್ನ್ ಹೊಡೀತೈತಿ."

ಅಂದಿನಿಂದ ಬೇಡವಾದಾಗ ಬಂದ ಎಂಟಕ್ಕೆ ನಾಲ್ವರೂ ಒಂದೇ ದನಿಯಲ್ಲಿ "ಮುನವಳ್ಳಿ ಬಸ್ಸ" ಎಂದು ಕೂಗುತ್ತಿದ್ದೆವು. ಆಟದ ಹೊರಗೂ ಅದೇ. ಮಳೆ ನಿಂತ ಮೇಲೆ ಸಿಕ್ಕ ಛತ್ರಿ, ಮುನವಳ್ಳಿ ಬಸ್ಸ. ಹಲ್ಲು ಬಿದ್ದ ಮೇಲೆ ಫಕೀರಪ್ಪನ ಬೀಗರು ಕಳಿಸಿದ ಕರದಂಟು, ಮುನವಳ್ಳಿ ಬಸ್ಸ. ಹೊಸಬರು ಬಂದು ಪಕ್ಕದಲ್ಲಿ ಕುಳಿತರೆ ನಮ್ಮ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ. ಒಬ್ಬರು ಬ್ಯಾಂಕಿನವರು, "ಯಾವ ಬಸ್ಸು? ಎಷ್ಟೊತ್ತಿಗೆ?" ಎಂದು ಕೇಳಿ ಗಡಿಯಾರ ನೋಡಿಕೊಂಡಿದ್ದರು. ನಾವು ನಕ್ಕು ಬಿದ್ದೆವು. ಈಗ ಯೋಚಿಸಿದರೆ ಅದೂ ಗುರುತಿನ ಮಾತಿನ ಒಂದು ಉಪಯೋಗವೇ: ಯಾರು ಒಳಗಿನವರು, ಯಾರು ಹೊರಗಿನವರು ಎಂದು ಅದು ತಾನಾಗಿ ಜರಡಿ ಹಿಡಿಯುತ್ತದೆ. ಜರಡಿಯ ಮೇಲೆ ಇರುವತನಕ ಅದು ಬಹಳ ಚೆಂದ.

ಮೊನ್ನೆ ಬೇಸಿಗೆ ರಜೆಗೆ ಬಂದ ಮೊಮ್ಮಗಳು ಒಂದು ಡಬ್ಬಿಯ ಆಟ ತಂದಿದ್ದಳು. ಡಬ್ಬಿಯ ತುಂಬ ಸಣ್ಣ ಸಣ್ಣ ಮನೆ, ಚೀಟಿ, ಬಣ್ಣದ ಕಲ್ಲು. ನಿಯಮದ ಪುಸ್ತಕವೇ ನಮ್ಮ ಪಂಚಾಂಗದಷ್ಟು ದಪ್ಪ. ಅವಳ ಬಾಯಲ್ಲೂ ಅಂಥವೇ ಗುರುತಿನ ಮಾತು, ಎಲ್ಲ ಇಂಗ್ಲಿಷಿನವು. ಎರಡು ಸುತ್ತು ಆಡುವಷ್ಟರಲ್ಲಿ, "ಅಜ್ಜಾ, ನೀ ಅಗ್ರೆಸಿವ್ ಪ್ಲೇಯರ್" ಎಂದಳು.

"ಹಂಗಂದ್ರ?"

"ಬಾಜೂಕ ಇದ್ದವ್ರ ಜಾಗಾನ ಮೊದ್ಲ ತಗೊಳ್ಳಾವ. ಅದಕ್ಕ ಕನ್ನಡದಾಗ ಏನಂತಾರ?"

"ವ್ಯಾಪಾರಿ ಅಂತಾರ" ಎಂದೆ. ಮನೆಯವರೆಲ್ಲ ನಕ್ಕರು. ನಾನು ಎದ್ದು ನೀರು ಕುಡಿಯಲು ಹೋದೆ.

ಈಗ ರಾಚಪ್ಪನ ವಿಷಯ ಹೇಳಬೇಕು. ಇಷ್ಟೊತ್ತು ಅಳಿಯ, ಬಾಡಗಿದಾರ ಎಂದು ಸುತ್ತಿದ್ದು ಅದನ್ನು ಮುಂದೆ ಹಾಕಲಿಕ್ಕೇ ಎಂದು ನಿಮಗೆ ತಿಳಿದಿರಬೇಕು.

ನಾನು ಈ ಓಣಿಗೆ ಬಂದಾಗ ನನ್ನ ಹತ್ತಿರ ಅಂಗಡಿ ಇರಲಿಲ್ಲ. ಇದ್ದುದು ಒಂದು ಕದ. ಜೋಡಿ ಕದದಲ್ಲಿ ಒಂದು ಮುರಿದು, ಒಂಟಿ ಉಳಿದದ್ದು. ಒಂಟಿ ಕದವನ್ನು ಯಾರು ಕೊಳ್ಳುತ್ತಾರೆ? ಅದನ್ನು ಹೊತ್ತುಕೊಂಡು ಬಿಸಿಲಲ್ಲಿ ನಿಂತಿದ್ದೆ. ಟೇಲರ್ ಅಂಗಡಿಯಿಂದ ಒಬ್ಬ ತಲೆ ಎತ್ತಿ ನೋಡಿದ. ಬಾಯಲ್ಲಿ ದಾರ, ಕೊರಳಲ್ಲಿ ಅಳತೆಪಟ್ಟಿ.

"ಏ ಅಣ್ಣಾ, ಬಾಗಲಾ ಹೊತಗೊಂಡು ಮನಿ ಹುಡಕಾಕ ಹತ್ತಿಯೇನು? ಇಲ್ಲಿ ಪಡಸಾಲ್ಯಾಗ ಆನಸು. ನನ್ನ ಮಷಿನ್ನಿಗೇನು ನಿನ್ನ ಬಾಗಲಾ ಹಾಯೂದಿಲ್ಲ."

ಹಾಗೆ ಅವನ ಪಡಸಾಲೆಯ ಅರ್ಧದಲ್ಲಿ ನನ್ನ ವ್ಯಾಪಾರ ಶುರುವಾಯಿತು. ಎರಡು ವರ್ಷ ಬಿಟ್ಟು ಬಾಜೂ ಗಾಳೆ, ಅಂದರೆ ಮಳಿಗೆ, ಖಾಲಿಯಾದಾಗ ನಾನು ಹಿಡಿದೆ. ಆ ಒಂಟಿ ಕದ ಮಾರಾಟವಾಗಲೇ ಇಲ್ಲ. ಒಂದು ದಿನ ರಾಚಪ್ಪ ತನ್ನ ಹಳೆ ಕತ್ತರಿಯ ಮೊನೆಯಿಂದ ಅದರ ಮೇಲೆ ಗೀಟು ಕೊರೆದು, "ಇದರ ಹಣ್ಯಾಗ ಮನಿ ಇಲ್ಲಂದ್ರ, ಇದರ ಮ್ಯಾಲ ಇಪ್ಪತ್ತೈದು ಮನಿ ಮಾಡೂಣು ತಗೋ ಮಲ್ಯಾ" ಎಂದ. ನನ್ನ ಹೆಸರು ಮಲ್ಲಪ್ಪ. ಮಲ್ಯಾ ಎಂದು ಕರೆಯಲು ನಮ್ಮವ್ವ ಹೋದ ಮೇಲೆ ಉಳಿದಿದ್ದವನು ಅವನೊಬ್ಬನೇ. ಅವನು ನನಗೆ ರಾಚ್ಯಾ.

ರಾಚಪ್ಪ ರಾಮದುರ್ಗದ ನೇಕಾರರ ಮನೆಯವನು. ಒಮ್ಮೆ ಯಾರೋ ಗಿರಾಕಿ ತೊಳೆದ ಮೇಲೆ ಅಂಗಿ ಗಿಡ್ಡಾಯಿತು ಎಂದು ಜಗಳಕ್ಕೆ ಬಂದಾಗ ಅವನು ತಾಳ್ಮೆಯಿಂದ ವಿವರಿಸುತ್ತಿದ್ದ: ಅದು ಕೋರಾ ಬಟ್ಟೆ, ಮಗ್ಗದಿಂದ ಇಳಿದು ಇನ್ನೂ ನೀರು ಕಾಣದ್ದು, ಮೊದಲ ನೀರಿಗೆ ಹಾಕುವತನಕ ಅದರ ನಿಜವಾದ ಅಳತೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಕಿವಿಗೆ ಆ ಮಾತು ಬಿತ್ತು. ಅದೇ ಮಧ್ಯಾಹ್ನ ಆಟದಲ್ಲಿ ರಾಚಪ್ಪ ಎಂದಿನಂತೆ ಹೊರಗೇ ಸುತ್ತುತ್ತಿದ್ದ. ಅವನದು ಯಾವಾಗಲೂ ಇದೇ ಹಾಡು. ಕಾಯಿ ಎದುರಿಗೆ ಬಂದು ನಿಂತರೂ ಕಡಿಯುತ್ತಿರಲಿಲ್ಲ, ಬೇರೆ ಗುಂಡಿ ನಡೆಸುತ್ತಿದ್ದ. ಕಡಿಯದೆ ಒಳಗೆ ಹೋಗುವಂತಿಲ್ಲ. ಹಾಗಾಗಿ ನಾಲ್ಕು ಗುಂಡಿಗಳೂ ಗಾಣದೆತ್ತಿನಂತೆ ಹೊರಗೇ ತಿರುಗುತ್ತಿದ್ದವು.

"ಲೇ ರಾಚ್ಯಾ, ನೀನೂ ಕೋರಾನ ಬಿಡು. ಇನ್ನೂ ನೀರು ಕಂಡಿಲ್ಲ" ಎಂದೆ.

ದಾದಾಪೀರ ತೊಡೆ ತಟ್ಟಿ ನಕ್ಕ. ರಾಚಪ್ಪನೂ ನಕ್ಕ. ಮಾತು ಅಂಟಿತು. ಕಡಿಯದೆ ಹೊರಗೆ ಸುತ್ತುವ ಕಾಯಿಗೆಲ್ಲ "ಕೋರಾ" ಎಂದು ಹೆಸರು ಬಂತು, ರಾಚಪ್ಪನಿಗಂತೂ ಬಂದೇ ಬಂತು.

ಉಪದೇಶ ಮಾಡದೆ ನನಗೆ ನಿದ್ದೆ ಬರುವುದಿಲ್ಲ. "ಕಡಿ ಮಾರಾಯಾ, ಆಟ ಐತಿ ಇದು. ಕಡೀಲಿಲ್ಲಂದ್ರ ಯಾರೂ ಒಳಗ ಬಿಡೂದಿಲ್ಲ" ಎಂದು ದಿನಾ ಹೇಳುತ್ತಿದ್ದೆ.

ಅವನದು ದಿನಾ ಒಂದೇ ಉತ್ತರ. "ಮುಂಜಾನಿಂದ ಸಂಜಿತನಾ ಕತ್ತರಿ ಹಿಡದು ಕಡೀತೇನಿ. ಮಧ್ಯಾಹ್ನ ಒಂದ ತಾಸರೆ ಕೈ ಸುಮ್ನಿರಲಿ ಬಿಡೊ ಮಲ್ಯಾ."

ಇದು ಒಳ್ಳೆ ಮಾತು ಎಂದು ಈಗ ಅನಿಸುತ್ತದೆ. ಆಗ ನಾನು ಅದನ್ನು ಕೇಳಲೇ ಇಲ್ಲ. ಯಾಕೆ ಕೇಳಬೇಕು? ಅವನಿಗೆ ಹೆಸರು ಇಟ್ಟಾಗಿತ್ತಲ್ಲ. ಹೆಸರು ಬರೆದು ಅಂಟಿಸಿದ ಡಬ್ಬಿಯನ್ನು ಯಾರು ತೆರೆದು ನೋಡುತ್ತಾರೆ? ಗುರುತಿನ ಮಾತಿನ ದೊಡ್ಡ ಉಪಯೋಗ ಇದೇ: ಮತ್ತೆ ಮತ್ತೆ ಯೋಚಿಸುವ ಕೆಲಸ ತಪ್ಪುತ್ತದೆ.

ನಮ್ಮ ಸಾಲಿನ ಗಾಳೆಗಳ ಮಾಲೀಕರು ಹಳೆ ಕಟ್ಟಡ ಇಳಿಸಿ ಹೊಸದು ಕಟ್ಟುವ ಮಾತು ತೆಗೆದರು. ರಸ್ತೆಗೆ ಮುಖ ಮಾಡಿ ಕೆಲವು ಗಾಳೆ, ಉಳಿದವು ಒಳಗೆ, ಹಾದು ಹೋಗುವವರ ಕಣ್ಣಿಗೆ ಬೀಳದ ಜಾಗದಲ್ಲಿ. ರಾಚಪ್ಪ ಮತ್ತು ನಾನು ಮಾತಾಡಿಕೊಂಡಿದ್ದೆವು, ಇಬ್ಬರೂ ಕೂಡಿಯೇ ಮಾಲೀಕರ ಹತ್ತಿರ ಹೋಗುವುದು, ರಸ್ತೆಯ ಕಡೆ ಬಾಜೂಬಾಜೂ ಎರಡು ಕೇಳುವುದು. ಸೋಮವಾರ ಹೋಗೋಣ ಎಂದು ರಾಚಪ್ಪ ಹೇಳಿದ. ನಾನು ರವಿವಾರವೇ ಹೋದೆ. ಕೆಟ್ಟ ಮನಸ್ಸಿನಿಂದ ಹೋಗಲಿಲ್ಲ, ನೆಲ ತಟ್ಟಿ ನೋಡೋಣ ಎಂದು ಹೋದೆ. ವ್ಯಾಪಾರದಲ್ಲಿ ನಾನು ಯಾವತ್ತೂ ಹೇಳಿದ ದಿನ ಹೋಗಿಲ್ಲ, ಒಂದು ದಿನ ಮೊದಲೇ ಹೋಗುತ್ತೇನೆ. ಈ ಉಪದೇಶವನ್ನೂ ಎಷ್ಟೋ ಮಂದಿಗೆ ಕೊಟ್ಟಿದ್ದೇನೆ.

ಮಾಲೀಕರು ಚಹಾ ತರಿಸಿದರು. "ಮಲ್ಲಪ್ಪಾ, ರಸ್ತೆದ ಕಡೆ ಒಂದ ಉಳದೈತಿ. ಬಾಕಿ ಎಲ್ಲಾ ಮಾತಾಗ್ಯಾವ. ನಿನಗ ಕೊಡಬೇಕೋ, ಟೇಲರಗ ಕೊಡಬೇಕೋ? ಅಂವಾ ನಿನಕ್ಕಿಂತ ಹಳಬಾ. ನಾಳೆ ಬಂದು ತಕರಾರ ತಗದ್ರ?"

ನಾನು ಎರಡು ಗುಟುಕು ಚಹಾ ಕುಡಿದೆ. ಆ ಹೊತ್ತಿನಲ್ಲಿ ಹೇಳಬಹುದಾಗಿದ್ದ ಮಾತುಗಳು ಎಷ್ಟೋ ಇದ್ದವು. ಅವನ ಪಡಸಾಲೆಯಲ್ಲಿ ನಾನು ಬದುಕಲು ಕಲಿತೆ ಎನ್ನಬಹುದಿತ್ತು. ಇಬ್ಬರೂ ಕೂಡಿ ನಾಳೆ ಬರುತ್ತೇವೆ ಎನ್ನಬಹುದಿತ್ತು. ಅವೆಲ್ಲ ಉದ್ದದ ಮಾತು. ನನ್ನ ನಾಲಿಗೆಯ ಮೇಲೆ ಗಿಡ್ಡದೊಂದು ಮಾತು ಸಿದ್ಧ ಇತ್ತು.

"ಅಂವಾ ಕೋರಾ ಅದಾನ್ರೀ."

"ಏನ ಹಂಗಂದ್ರ?"

ನಕ್ಕು ವಿವರಿಸಿದೆ. ಆಟದ ವಿಷಯ, ಗುಂಡಿಗಳ ವಿಷಯ ಎಲ್ಲ ಹೇಳಿದೆ. "ಯಾರನ್ನೂ ಕಡಿಯಾಂವಲ್ಲ. ನೀವು ಎಲ್ಲಿ ಕುಂದ್ರಸ್ತೀರಿ ಅಲ್ಲಿ ಕುಂದರ್ತಾನ." ಮಾಲೀಕರೂ ನಕ್ಕರು. ಚಹಾ ಮುಗಿಯುವಷ್ಟರಲ್ಲಿ ರಸ್ತೆಯ ಕಡೆಯ ಗಾಳೆ ನನ್ನದಾಗಿತ್ತು.

ಮರುದಿನ ರಾಚಪ್ಪ ನನ್ನನ್ನು ಕರೆಯಲು ಬಂದಾಗ ಸವದತ್ತಿಯ ಕಡೆ ಒಂದು ಮನೆ ಬಿಚ್ಚುತ್ತಿದ್ದಾರೆಂದು ಹೇಳಿ ನಾನು ಊರು ಬಿಟ್ಟಿದ್ದೆ. ಅವನೊಬ್ಬನೇ ಹೋದ. ಮಾಲೀಕರು ದೊಡ್ಡ ಮನುಷ್ಯರು, ಮುಚ್ಚುಮರೆ ಇಲ್ಲ. "ನೀ ಕೋರಾ ಅಂತಲ್ಲೋ, ನಿನ್ನ ದೋಸ್ತನ ಹೇಳ್ಯಾನ" ಎಂದರಂತೆ.

ಸಂಜೆ ನಾನು ಬಂದಾಗ ರಾಚಪ್ಪ ಕಾಜ ಹೊಲಿಯುತ್ತಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದರೆ ತಿರುಗಿ ಹೇಳಲು ನನ್ನ ಹತ್ತಿರ ಉತ್ತರಗಳಿದ್ದವು: ನನ್ನ ಮಾಲು ದೊಡ್ಡದು, ಲಾರಿ ಒಳಗೆ ಬರುವುದಿಲ್ಲ, ಟೇಲರಿಗೆ ಏನು, ಹಳೆ ಗಿರಾಕಿ ಹುಡುಕಿಕೊಂಡು ಬರುತ್ತಾರೆ, ನಾನು ಬೇರೆ ಅಲ್ಲ ನೀನು ಬೇರೆ ಅಲ್ಲ. ಅವನು ಬೈಯಲಿಲ್ಲ. ದಾರ ಕಡಿದು, ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, "ಊಟಾ ಆತೇನು?" ಎಂದು ಕೇಳಿದ. ಕೋರಾ ಅಂದರೆ ಕೋರಾನೇ ಎಂದು ನನಗೆ ಸಮಾಧಾನವಾಯಿತು. ಇಂಥ ಸಮಾಧಾನ ಶತ್ರುವಿಗೂ ಬರಬಾರದು.

ಹೊಸ ಕಟ್ಟಡದ ಒಳಗಾಳೆಯಲ್ಲಿ ಅವನು ನಾಲ್ಕು ತಿಂಗಳು ಕುಳಿತ. ಹಗಲಲ್ಲೂ ಬಲ್ಬು ಹಚ್ಚಬೇಕಿತ್ತು. ಹಾದು ಹೋಗುವವರಿಗೆ ಅಲ್ಲೊಬ್ಬ ಟೇಲರ್ ಇದ್ದಾನೆಂದು ಗೊತ್ತಾಗುತ್ತಿರಲಿಲ್ಲ. ಕೇಳಿದವರಿಗೆ ನಾನು ದಾರಿ ತೋರಿಸುತ್ತಿದ್ದೆ. ಅಷ್ಟೂ ಮಾಡಿದೆ, ಬರೆದುಕೊಳ್ಳಿ. ಆಟಕ್ಕೆ ಅವನು ಬರುತ್ತಿದ್ದ, ಆದರೆ "ಕೋರಾ" ಎಂದು ಯಾರೂ ಕೂಗುತ್ತಿರಲಿಲ್ಲ. ದಾದಾಪೀರ ಒಂದು ಸಲ ಬಾಯಿ ತೆರೆದು ಮುಚ್ಚಿದ್ದನ್ನು ನಾನು ನೋಡಿದೆ. ಒಂದು ಮಾತು ಹೋದ ಮೇಲೆ ಉಳಿದವೂ ಒಂದೊಂದಾಗಿ ಹೋದವು. ಕೊನೆಗೆ ನಾವು ಬರೀ ಸಂಖ್ಯೆ ಹೇಳುತ್ತ ಆಡುತ್ತಿದ್ದೆವು: ಎರಡು, ಮೂರು, ಒಂದು.

ಒಂದು ದಿನ ಅವನ ಹೆಂಡತಿಯ ಅಣ್ಣ ಮುನವಳ್ಳಿಯಿಂದ ಟೆಂಪೊ ತಂದ. ಮಷಿನ್ನು, ಮೇಜು, ಇಸ್ತ್ರಿಪೆಟ್ಟಿಗೆ ಹೇರಿದರು. ನಾನು ಒಂದು ಕೈ ಹಿಡಿಯಲು ಹೋದೆ. "ಇರ್ಲಿ, ಇರ್ಲಿ" ಎಂದ ರಾಚಪ್ಪ. ಟೆಂಪೊ ಹೋದ ಮೇಲೆ ಅಂಗಡಿಯ ಹಿಂದೆ ಬಂದು ನೋಡಿದರೆ ಕದದ ಮೇಲೆ ಅವನ ನಾಲ್ಕೂ ಗುಂಡಿಗಳು ಅವನ ಕಟ್ಟಿಮನೆಯಲ್ಲಿ ಇದ್ದವು. ಆಟ ಶುರುವಾಗುವ ಮೊದಲು ಇಡುವಂತೆ, ಸಾಲಾಗಿ. ಅವುಗಳನ್ನು ಗಲ್ಲಾದಲ್ಲಿ ಹಾಕಿದೆ.

ಆಮೇಲೆ ದಾದಾಪೀರನ ಮೊಣಕಾಲು ಹೋಯಿತು, ಫಕೀರಪ್ಪ ಚಹಾದಂಗಡಿಯನ್ನು ಬೇರೆಯವರಿಗೆ ಬಿಟ್ಟ. ಕದ ಮಾತ್ರ ಅಲ್ಲೇ ಉಳಿಯಿತು.

ಕಿತ್ತೂರಿನ ಗಿರಾಕಿಗೆ ಹೇಳಿದ ವಾರ ಮುಗಿಯಲು ಎರಡು ದಿನ ಇತ್ತು. ನಾನು ಮುನವಳ್ಳಿಗೆ ಹೋದೆ. ಕದ ಮಾರಲೋ ಬೇಡವೋ ಕೇಳಬೇಕು, ಗೀಟು ಅವನು ಕೊರೆದದ್ದು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಖರೆ ಬೇಕಾಗಿದ್ದುದು ಬೇರೆ. ಅವನು ನನ್ನನ್ನು ಒಂದು ಸಲ ಬೈಯಬೇಕಿತ್ತು. "ಮಾರಬ್ಯಾಡೊ ಮಲ್ಯಾ" ಎಂದರೆ ಸಾಕಿತ್ತು. ಗುಂಡಿಗಳನ್ನು ಕಿಸೆಯಲ್ಲಿ ಹಾಕಿಕೊಂಡು ಹೋದೆ.

ಅಂಗಡಿ ರಸ್ತೆಗೇ ಇತ್ತು. ಮಧ್ಯಾಹ್ನದ ಹೊತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟೇಲರ್ ಖಡುವಿನಿಂದ ಚೌಕ ಬರೆದು ನಾಲ್ಕು ಮಂದಿ ಆಡುತ್ತಿದ್ದರು. ಕೊರೆದದ್ದಲ್ಲ, ಬರೆದದ್ದು; ಒರೆಸಿದರೆ ಹೋಗುತ್ತದೆ. ರಾಚಪ್ಪ ತಲೆ ಎತ್ತಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಓಹೋ! ಬರ್ರಿ ಬರ್ರಿ ಮಲ್ಲಪ್ಪನವರ. ಕುಂದರ್ರಿ. ಏ, ಒಂದ ಚಹಾ ಹೇಳ್ರಪಾ."

ಮಲ್ಲಪ್ಪನವರ! ಸ್ಟೂಲು ಒರೆಸಿ ಕೊಟ್ಟ. ನಾನು ಕುಳಿತು ಅವರ ಆಟ ನೋಡತೊಡಗಿದೆ. ಅವರ ಮಾತು ನನಗೆ ತಿಳಿಯಲಿಲ್ಲ. ಒಬ್ಬ "ಕಾಲುವಿ ಬಿಟ್ರು" ಎಂದ, ಉಳಿದವರು ನಕ್ಕರು. ಇನ್ನೊಬ್ಬ "ಉಳ್ಳಾಗಡ್ಡಿ ಹೆಚ್ಚಬ್ಯಾಡಪಾ" ಎಂದ, ಮತ್ತೆ ನಕ್ಕರು. ನಾನು ನಮ್ಮ ಬ್ಯಾಂಕಿನವರಂತೆ ಮುಖ ನೋಡುತ್ತ ಕುಳಿತೆ. ಅಷ್ಟರಲ್ಲಿ ಬಿಳಿ ಟೋಪಿಯವನೊಬ್ಬನ ಕಾಯಿ, ಎಷ್ಟೋ ಹೊತ್ತಿನಿಂದ ಕಟ್ಟಿಮನೆಯಲ್ಲಿ ಸುಮ್ಮನೆ ಕುಳಿತಿದ್ದು, ಒಂದು ಬಿದ್ದಕೂಡಲೇ ಎದ್ದು ಮಗ್ಗುಲಲ್ಲಿದ್ದ ಕಾಯಿಯನ್ನು ಕಡಿಯಿತು.

"ಹಾಂ! ಬಾಜೂ ಅಂಗಡಿ! ಬಾಜೂ ಅಂಗಡಿ!" ಎಂದು ಎಲ್ಲರೂ ಕೂಗಿದರು.

ರಾಚಪ್ಪ ಕೂಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕವಡಿ ಕೂಡಿಸಿಕೊಂಡು ಸುಮ್ಮನೆ ಕುಲುಕುತ್ತಿದ್ದ. ಆ ಮಂದಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆ ಮಾತಿನ ಅರ್ಥವನ್ನು ನಾನು ಯಾರನ್ನೂ ಕೇಳಲಿಲ್ಲ. ಗುರುತಿನ ಮಾತಿನ ಗುಣಗಳನ್ನು ಮೇಲೆ ಇಷ್ಟೊಂದು ಹೇಳಿದೆನಲ್ಲ, ಇದನ್ನೂ ಸೇರಿಸಿಕೊಳ್ಳಿ: ಬೇಕಾದವನಿಗೆ ಅದು ವಿವರಿಸದೆಯೇ ಮುಟ್ಟುತ್ತದೆ.

ಅದೇ ಸುತ್ತಿನಲ್ಲಿ ರಾಚಪ್ಪ ಬಿಳಿ ಟೋಪಿಯವನ ಕಾಯಿಯನ್ನು ಹೆಬ್ಬೆರಳಿನಿಂದ ಚಿಮ್ಮಿ ಕಡಿದ. ಕಡಿದು ನಕ್ಕ. ನಾನು ಅವನನ್ನು ಕಂಡಂದಿನಿಂದ ಅವನು ಕಡಿದದ್ದು ಅದೇ ಮೊದಲು. ಕೋರಾ ನೀರು ಕಂಡಿತ್ತು. ಮೊದಲ ನೀರು ಯಾರು ತೋರಿಸಿದ್ದು ಎಂದು ಬೇರೆ ಹೇಳಬೇಕಿಲ್ಲ.

ಹೊಸ ಆಟಕ್ಕೆ ಒಬ್ಬ ಎದ್ದು ತನ್ನ ಜಾಗ ನನಗೆ ಕೊಟ್ಟ. ಹುಣಸೆಬೀಜ ಕೊಟ್ಟರು. ಕಿಸೆಯಲ್ಲಿದ್ದುದನ್ನು ನಾನು ತೆಗೆಯಲಿಲ್ಲ. ನಾಲ್ಕು ಸುತ್ತು ಆಗಿರಬೇಕು, ನನ್ನ ಒಂದು ಕಾಯಿ ಬಯಲಿಗೆ ಬಿತ್ತು. ರಾಚಪ್ಪನ ಕಾಯಿಗೆ ಮೂರು ಮನೆ ಮುಂದೆ. ಬೇಕೆಂತಲೇ ಇಟ್ಟೆನೋ ಏನೋ ನನಗೇ ಗೊತ್ತಿಲ್ಲ. ಅವನು ಕವಡಿ ಒಗೆದ. ಮೂರು ಬಿತ್ತು.

"ಹೊಡೀರಿ ರಾಚಪ್ಪಣ್ಣ! ಬಾಗಲದಾಗ ನಿಂತೈತಿ!" ಎಂದ ಟೋಪಿಯವನು.

ಕಡಿ ರಾಚ್ಯಾ, ಎಂದು ಮನಸ್ಸಿನಲ್ಲೇ ಹೇಳಿದೆ. ಇಷ್ಟು ವರ್ಷ ನಾನು ಅವನಿಗೆ ಕೊಟ್ಟ ಉಪದೇಶ ಅದೊಂದೇ ಅಲ್ಲವೇ.

ರಾಚಪ್ಪ ಬೇರೆ ಕಾಯಿ ಎತ್ತಿ ಮೂರು ಮನೆ ನಡೆಸಿದ.

"ಅಯ್ಯ, ಯಾಕ್ರೀ?"

"ಪಾವಣ್ಯಾರ ಅದಾರ" ಎಂದ. ಅಂದರೆ ನಾನು ಅತಿಥಿ. "ಪಾವಣ್ಯಾರ್ನ ಕಡೀಬಾರ್ದು. ಇರ್ಲಿ ಬಿಡ್ರಿ."

ಆಟ ಮುಗಿದ ಮೇಲೆ ಕದದ ವಿಷಯ ತೆಗೆದೆ. ಗಿರಾಕಿ ಬಂದಿದ್ದಾನೆ, ಗೀಟು ತೆಗೆಸು ಎನ್ನುತ್ತಾನೆ, ಕೊಡಲೋ ಇಟ್ಟುಕೊಳ್ಳಲೋ, ನೀನು ಏನೆನ್ನುತ್ತೀ.

"ಮಾಲ ನಿಮ್ದು" ಎಂದ ರಾಚಪ್ಪ. "ನನ್ನ ಕೇಳೂದೇನೈತ್ರಿ ಅದರಾಗ? ಛಲೋ ರೇಟ ಬಂದ್ರ ಕೊಡ್ರಿ." ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಂಡು ಚೌಕಾಶಿ ಮಾಡುತ್ತಿದ್ದೆ.

ಸ್ಟ್ಯಾಂಡಿನ ತನಕ ಕಳಿಸಲು ಬಂದ. ಅತಿಥಿಯನ್ನು ಕಳಿಸುವ ರೀತಿ, ಒಂದು ಹೆಜ್ಜೆ ಹಿಂದೆ. ನಾವು ನೆರಳಿಗೆ ನಿಂತೆವು. ನನಗೆ ಸವದತ್ತಿಯ ತನಕ ಹೋಗಬೇಕಿತ್ತು, ಅಲ್ಲಿಂದ ಬೈಲಹೊಂಗಲಕ್ಕೆ. ಬಸ್ಸು ಯಾವಾಗ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಬರದೇ ಇರಲಿ, ಒಂದು ತಾಸು ಬರದೇ ಇರಲಿ ಎಂದುಕೊಂಡೆ. ಹೇಳಬೇಕಾದ ಮಾತು ಉದ್ದದ್ದು, ಅದಕ್ಕೆ ಗಿಡ್ಡ ಹೆಸರಿಲ್ಲ. ರವಿವಾರದಿಂದ ಶುರು ಮಾಡಬೇಕೋ, ಆ ಒಂಟಿ ಕದ ಹೊತ್ತು ನಿಂತ ಬಿಸಿಲಿನಿಂದಲೋ? ಕಿಸೆಯಲ್ಲಿ ಕೈ ಹಾಕಿ ಗುಂಡಿಗಳನ್ನು ಹಿಡಿದುಕೊಂಡೆ.

"ರಾಚ್ಯಾ" ಎಂದೆ.

ಅವನು ತಿರುಗಿದ. ಅದೇ ಹೊತ್ತಿಗೆ ಧೂಳೆಬ್ಬಿಸಿಕೊಂಡು ಬಸ್ಸು ಬಂದು ನಮ್ಮ ಬಾಜೂಕೇ ನಿಂತು ಹಾರ್ನ್ ಹೊಡೆಯಿತು.

ನಾನು ಅವನ ಮುಖ ನೋಡಿದೆ. ಅವನ ತುಟಿಯ ಮೂಲೆ ಅಲುಗಿತು. ಇಬ್ಬರ ನಾಲಿಗೆಯ ಮೇಲೂ ಅದೇ ಮಾತು ಬಂದು ಕುಳಿತಿತ್ತು, ದೇವರಾಣೆ. ಮೊದಲು ಅವನು ಹೇಳಲಿ ಎಂದು ನಾನು ಕಾದೆ.

"ಹತ್ರಿ ಹತ್ರಿ" ಎಂದ ರಾಚಪ್ಪ. "ಕಿಡಕಿ ಕಡೆ ಸೀಟ ಖಾಲಿ ಐತಿ, ಹಿಡೀರಿ."